ಕಾಗೆಗೆ ಹೊಟ್ಟೆ ತುಂಬಿತ್ತು

ನಮ್ಮ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲೊಂದಿದೆ. ವಾಷಿಂಗ್ ಮೆಷಿನ್ ಬಂದ ಮೇಲೆ ಅದಕ್ಕೆ ಕೆಲಸವಿಲ್ಲ. 2020ರ ಲಾಕ್‌ಡೌನ್ ಸಮಯದಲ್ಲಿ ಎಲ್ಲರೂ ಏನಾದರೊಂದು ಶುರು ಮಾಡಿದರಲ್ಲ, ಒಬ್ಬರು ಬ್ರೆಡ್ ಮಾಡಿದರು, ಒಬ್ಬರು ಗಿಟಾರ್ ತಗೊಂಡರು, ನಾನು ಆ ಕಲ್ಲಿನ ಮೇಲೆ ಒಂದು ಹಿಡಿ ಅಕ್ಕಿ ನುಚ್ಚು ಹಾಕಿದೆ. ಗುಬ್ಬಚ್ಚಿಗೆ ಅಂತ. ಇವತ್ತಿನವರೆಗೂ ಆ ಕಲ್ಲಿನ ಮೇಲೆ ಒಂದೇ ಒಂದು ಗುಬ್ಬಚ್ಚಿ ಕೂತಿಲ್ಲ.

ಮೊದಲ ದಿನ ಬಂದದ್ದು ಅಳಿಲು. ಬೆನ್ನ ಮೇಲೆ ಮೂರು ಗೆರೆ. ಉತ್ತರ ಭಾರತದ ಕಡೆ ಐದು ಗೆರೆಯ ಅಳಿಲು ಇದೆಯಂತೆ, ಅಲ್ಲಿ ರಾಮ ಬಹುಶಃ ಇಡೀ ಕೈಯಲ್ಲೇ ಸವರಿರಬೇಕು. ಅದು ನುಚ್ಚನ್ನು ಮೂಸಿ ನೋಡಿ, ಇಷ್ಟವಾಗದೆ, ಅಮ್ಮ ಒಣಗಲು ಹಾಕಿದ್ದ ಕಡಲೆಕಾಯಿಯ ಕಡೆ ಹೋಯಿತು. ಎರಡನೇ ದಿನ ಕಾಗೆ. ಮೂರನೇ ದಿನ ಎರಡು ಪಾರಿವಾಳ. ಆ ವಾರದ ಕೊನೆಗೆ ಹನ್ನೊಂದು ಪಾರಿವಾಳ.

ಚಿಕ್ಕವನಿದ್ದಾಗ ನಮ್ಮ ಮನೆ ತುಂಬ ಗುಬ್ಬಚ್ಚಿಯೇ. ಅಪ್ಪ 1986ರಲ್ಲಿ ಮೈಸೂರಿನಲ್ಲಿ ಕಟ್ಟಿಸಿದ ಮನೆ ಇದು. ಹಜಾರದಲ್ಲಿ ಸಾಲಾಗಿ ದೇವರ ಫೋಟೋ, ಅಜ್ಜ ಅಜ್ಜಿಯ ಫೋಟೋ, ಪ್ರತಿ ಫೋಟೋದ ಹಿಂದೆಯೂ ಹುಲ್ಲಿನ ಗೂಡು. ಫ್ಯಾನ್ ಹಾಕುವ ಮೊದಲು ತಲೆ ಎತ್ತಿ ನೋಡಬೇಕಿತ್ತು. ಅವುಗಳಿಗೆ ಯಾರೂ ಕಾಳು ಹಾಕುತ್ತಿರಲಿಲ್ಲ. ಅಮ್ಮ ಮಧ್ಯಾಹ್ನದ ಹೊತ್ತು ಹಿತ್ತಲ ಬಾಗಿಲಲ್ಲಿ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಕೇರಿದಾಗ ಹಾರಿದ ಹೊಟ್ಟು, ಜಾರಿದ ನುಚ್ಚು, ಆರಿಸಿ ಎಸೆದ ಭತ್ತ, ಜೊತೆಗೆ ಅಕ್ಕಿಯಲ್ಲಿದ್ದ ಹುಳ, ಎಲ್ಲ ಅಂಗಳಕ್ಕೆ ಬೀಳುತ್ತಿತ್ತು. ಗುಬ್ಬಚ್ಚಿಗಳು ಅವಳ ಕಾಲಿನ ಹತ್ತಿರವೇ ಕುಪ್ಪಳಿಸುತ್ತಿದ್ದವು. "ಹೋಗ್ರೇ ಅತ್ಲಾಗೆ" ಅಂತ ಮೊರ ಬಡಿದು ಓಡಿಸುತ್ತಿದ್ದಳೇ ಹೊರತು, ಪಾಪ ಹಕ್ಕಿ ಅಂತ ಒಂದು ದಿನವೂ ಅಂದವಳಲ್ಲ. ಈಗ ಅಕ್ಕಿ ಚೀಲದಲ್ಲಿ ಕಲ್ಲಿಲ್ಲ, ಭತ್ತವಿಲ್ಲ, ಹುಳವಂತೂ ಇಲ್ಲವೇ ಇಲ್ಲ. ಮೊರ ಅಟ್ಟದ ಮೇಲಿದೆ.

2020ರಲ್ಲೇ ಬಂದ ದೇಶದ ಹಕ್ಕಿಗಳ ಸ್ಥಿತಿಗತಿಯ ವರದಿಯನ್ನು ಆಮೇಲೆ ಓದಿದೆ. ಗುಬ್ಬಚ್ಚಿ ಒಟ್ಟಾರೆ ದೇಶದಲ್ಲಿ ಕಮ್ಮಿಯಾಗಿಲ್ಲ, ಆದರೆ ಬೆಂಗಳೂರು, ಚೆನ್ನೈ, ದೆಹಲಿ, ಮುಂಬೈಯಂಥ ದೊಡ್ಡ ಊರುಗಳಲ್ಲಿ ಕಮ್ಮಿಯಾಗಿದೆ ಅನ್ನುತ್ತದೆ ಅದು. ಎಲ್ಲರೂ ಬೈಯುವ ಮೊಬೈಲ್ ಟವರ್ ವಿರುದ್ಧ ಪುರಾವೆ ಸಿಕ್ಕಿಲ್ಲ. ನನಗೆ ತಟ್ಟಿದ್ದು ಇನ್ನೊಂದು ವಿಷಯ. ದೊಡ್ಡ ಗುಬ್ಬಚ್ಚಿ ಕಾಳು ತಿನ್ನುತ್ತದೆ, ಸರಿ. ಆದರೆ ಗೂಡಿನಲ್ಲಿರುವ ಮರಿಗೆ ಹುಳಹುಪ್ಪಟೆಯೇ ಆಗಬೇಕು. ಪಾರಿವಾಳಕ್ಕೆ ಆ ತಾಪತ್ರಯವಿಲ್ಲ. ತಿಂದ ಕಾಳಿನ ಬಲದಿಂದಲೇ ಗಂಟಲ ಚೀಲದಲ್ಲಿ ಹಾಲಿನಂಥದ್ದೊಂದು ತಯಾರಾಗುತ್ತದೆ, ಗಂಡು ಹೆಣ್ಣು ಎರಡೂ ಅದನ್ನೇ ಮರಿಗೆ ಕುಡಿಸುತ್ತವೆ. ಅಂದರೆ ನಾನು ದಿನಾ ಹಿಡಿ ಹಿಡಿ ಕಾಳು ಹಾಕಿದ್ದು ಯಾರ ಸಂಸಾರಕ್ಕೆ ಅನುಕೂಲವಾಯಿತು ಅಂತ ಹೇಳಬೇಕಾಗಿಲ್ಲ.

ಮಾರ್ಚ್ 20 ವಿಶ್ವ ಗುಬ್ಬಚ್ಚಿ ದಿನ. ಆ ದಿನ ಒಂದು ಕಡೆ ಮರದ ಗೂಡು ಮಾರುತ್ತಿದ್ದರು, ನಾನೂ ಒಂದು ತಂದು ಸಜ್ಜದ ಕೆಳಗೆ ಮೊಳೆ ಹೊಡೆದೆ. ಮೊದಲ ವರ್ಷ ಖಾಲಿ. ಎರಡನೇ ವರ್ಷ ಕಣಜ. ಮೂರನೇ ವರ್ಷ ಒಂದು ಹಲ್ಲಿ ಸಂಸಾರ ಹೂಡಿತು, ಈಗಲೂ ಅದರದ್ದೇ ಮನೆ. ಗುಬ್ಬಚ್ಚಿ ನೋಡಬೇಕು ಅನ್ನಿಸಿದರೆ ನಾನು ಸಂತೇಪೇಟೆಗೆ ಹೋಗುತ್ತೇನೆ. ಅಲ್ಲಿ ದಿನಸಿ ಮಂಡಿಗಳ ಮುಂದೆ ಬಾಯಿ ಬಿಚ್ಚಿದ ಚೀಲಗಳ ನಡುವೆ ಆರಾಮಾಗಿ ಓಡಾಡಿಕೊಂಡಿವೆ. ಯಾರೂ ಅವುಗಳನ್ನು ಉಳಿಸಲು ಹೊರಟಿಲ್ಲ.

ಪಾರಿವಾಳಕ್ಕೆ ಬರೋಣ. ಆರು ತಿಂಗಳಲ್ಲಿ ಅವು ಮೂವತ್ತು ದಾಟಿದವು. ಮೂಲತಃ ಬಂಡೆಯ ಸಂದಿನಲ್ಲಿ ಗೂಡು ಕಟ್ಟುವ ಹಕ್ಕಿ, ಅಪಾರ್ಟ್‌ಮೆಂಟಿನ ಸಜ್ಜ, ಪೈಪಿನ ಸಂದು ಎಲ್ಲವೂ ಅದಕ್ಕೆ ಬಂಡೆಯೇ. ಬೆಳಿಗ್ಗೆ ಐದೂವರೆಗೆ ಗುಟುರು ಹಾಕಲು ಶುರು ಮಾಡಿದರೆ, ತಲೆದಿಂಬಿನ ಕೆಳಗೆ ಯಾರೋ ಗೊಣಗುತ್ತಾ ಕೂತ ಹಾಗೆ. ನಾನು ಸಹಿಸಿಕೊಂಡೆ. ಪಕ್ಕದ ಮನೆಯವರು ಯಾಕೆ ಸಹಿಸಿಕೊಳ್ಳಬೇಕು? ಒಂದು ಭಾನುವಾರ ಅವರು ಗೇಟಿನ ಹತ್ತಿರ ಬಂದು ನಿಂತರು. ಒಳಗೆ ಬನ್ನಿ ಅಂದರೂ ಬರಲಿಲ್ಲ.

"ಏನಿಲ್ಲ ಸಾರ್, ನಿಮ್ಮ ಪಾರಿವಾಳ ನಮ್ಮ ಸೋಲಾರ್ ಪೂರ್ತಿ ಹಾಳು ಮಾಡಿಬಿಟ್ಟಿವೆ. ನೀರೇ ಕಾಯ್ತಿಲ್ಲ."

ನಿಮ್ಮ ಪಾರಿವಾಳ! ನನಗೆ ಒಳಗೊಳಗೇ ಸಿಟ್ಟು ಬಂತು. ಅವರ ತಾರಸಿಗೆ ಹತ್ತಿ ನೋಡಿದೆ. ಗಾಜಿನ ಮೇಲೆ ಸುಣ್ಣ ಬಳಿದ ಹಾಗಿತ್ತು. ಬಕೆಟ್ ನೀರು, ತೆಂಗಿನ ನಾರು ಹಿಡಿದು ಎರಡು ಗಂಟೆ ಉಜ್ಜಿದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಉಜ್ಜಿದೆ, ಒಣಗಿದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಅಲರ್ಜಿ ಇರುವವರಿಗೆ ಅದು ದೊಡ್ಡ ಕಾಯಿಲೆಗೇ ತಿರುಗಬಹುದು. 2025ರಲ್ಲಿ ಮುಂಬೈಯ ದಾದರ್‌ನಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ಜಾಗವನ್ನು ಪಾಲಿಕೆಯವರು ಟಾರ್ಪಾಲು ಹಾಕಿ ಮುಚ್ಚಿದಾಗ ಎಷ್ಟು ಗಲಾಟೆ ಆಯಿತು ಅಂತ ಟಿವಿಯಲ್ಲಿ ನೋಡಿರಬಹುದು. ನಮ್ಮ ಅರಮನೆ ಮುಂದೆಯೂ ಹಾಗೇ, ಮೂಟೆಗಟ್ಟಲೆ ಜೋಳ ಸುರಿಯುತ್ತಿದ್ದರು, ಹಿಕ್ಕೆಯಿಂದ ಕಟ್ಟಡಕ್ಕೆ ಹಾನಿ ಅಂತ ಅದೇ ವರ್ಷ ಇಲ್ಲೂ ಚರ್ಚೆಯಾಯಿತು. ಪುಣ್ಯ ಬರುತ್ತದೆ ಅಂತ ಹಾಕುವವರು ಒಂದು ಕಡೆ, ಗೋಡೆ ತೊಳೆಯುವವರು ಇನ್ನೊಂದು ಕಡೆ. ನಾನು ಒಂದೇ ಬೀದಿಯಲ್ಲಿ ಎರಡೂ ಕಡೆ ನಿಂತವನು.

ಕಾಳು ನಿಲ್ಲಿಸಿದೆ. ಒಂದೇ ದಿನ ನಿಲ್ಲಿಸಿದ್ದು ತಪ್ಪಾಯಿತೇನೋ. ಮೂವತ್ತು ಪಾರಿವಾಳ ಒಂದು ವಾರ ಪೂರ್ತಿ ಸಾಲಾಗಿ ಕಾಂಪೌಂಡಿನ ಮೇಲೆ ಕೂತು ಅಡಿಗೆಮನೆ ಕಿಟಕಿಯನ್ನೇ ನೋಡುತ್ತಿದ್ದವು. ಪಾತ್ರೆ ತೊಳೆಯುವಾಗ ತಲೆ ಎತ್ತಲು ನಾಚಿಕೆಯಾಗುತ್ತಿತ್ತು.

ಈ ಮಧ್ಯೆ ರಾತ್ರಿ ಪಾಳಿಯವರೂ ಇದ್ದರು ಅಂತ ತಡವಾಗಿ ಗೊತ್ತಾಯಿತು. ಪಾರಿವಾಳ ತಿನ್ನುವುದಕ್ಕಿಂತ ಚೆಲ್ಲುವುದೇ ಜಾಸ್ತಿ. ಚೆಲ್ಲಿದ ನವಣೆಗೆ ಹೆಗ್ಗಣ ಬಂತು. ಒಗೆಯುವ ಕಲ್ಲಿನ ಬುಡದಲ್ಲಿ ಶುರುವಾದ ಬಿಲ ಕಾಂಪೌಂಡಿನ ತಳಪಾಯದವರೆಗೆ ಹೋಯಿತು. ಹೆಗ್ಗಣದ ಹಿಂದೆ ಒಂದು ದಿನ ಕೇರೆ ಹಾವು ಬಂತು. ಕೇರೆಗೆ ವಿಷವಿಲ್ಲ, ಅದು ಬಂದರೆ ಹೆಗ್ಗಣ ಕಮ್ಮಿಯಾಗುತ್ತದೆ, ಬಿಟ್ಟುಬಿಡೋಣ ಅಂದೆ. ನನ್ನ ಹೆಂಡತಿ ಏನೂ ಮಾತಾಡಲಿಲ್ಲ. ಫೋನ್ ತಂದು ನನ್ನ ಕೈಗೆ ಕೊಟ್ಟು, ಹಾವು ಹಿಡಿಯುವವರ ನಂಬರ್ ತಾನೇ ಒತ್ತಿದಳು. ಹಾವು ಹಿಡಿದವರು ಚೀಲದ ಬಾಯಿ ಕಟ್ಟುತ್ತಾ, "ಸಾರ್, ಹಕ್ಕಿಗೆ ಕಾಳು ಹಾಕ್ತೀರಾ?" ಅಂತ ಕೇಳಿದರು. ಕಲ್ಲಿನ ಕಡೆ ನೋಡಿ ಕೇಳಿರಲೂ ಇಲ್ಲ. ಅನುಭವ.

ಕಾಳು ಹೋಯಿತು, ನೀರು ಉಳಿಯಿತು. ನೀರಿಟ್ಟರೆ ಯಾರಿಗೂ ತೊಂದರೆಯಿಲ್ಲ ಅಂದುಕೊಂಡೆ. ಅಗಲ ಬಾಯಿಯ ಮಣ್ಣಿನ ಬಟ್ಟಲು, ಮಧ್ಯದಲ್ಲಿ ಕೂರಲು ಒಂದು ಚಪ್ಪಟೆ ಕಲ್ಲು. ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಆ ಬಟ್ಟಲಿನ ಮುಂದೆ ನಡೆಯುವುದನ್ನು ನೋಡಬೇಕು. ಹರಟೆಮಲ್ಲಗಳು ಏಳೆಂಟು ಒಟ್ಟಿಗೇ ಬಂದು, ಜಗಳವಾಡಿಕೊಂಡೇ ಸ್ನಾನ ಮಾಡಿ, ಜಗಳವಾಡಿಕೊಂಡೇ ಹೋಗುತ್ತವೆ. ಕೆಮ್ಮೀಸೆ ಪಿಕಳಾರ ಜೋಡಿಯಾಗಿ ಬರುತ್ತದೆ, ಒಂದು ಕುಡಿಯುವಾಗ ಇನ್ನೊಂದು ಕಾಯುತ್ತದೆ. ಸೂರಕ್ಕಿ ಬಟ್ಟಲಿಗೆ ಇಳಿಯುವುದೇ ಇಲ್ಲ, ಬಟ್ಟಲು ತುಂಬುವಾಗ ದಾಸವಾಳದ ಎಲೆ ಒದ್ದೆಯಾಗುತ್ತದಲ್ಲ, ಆ ಎಲೆಯ ಮೇಲೆ ಹೊರಳಾಡಿ ಮೈ ನೆನೆಸಿಕೊಳ್ಳುತ್ತದೆ.

ಇದಕ್ಕೂ ಆಕ್ಷೇಪಣೆ ಬಂತು, ಮತ್ತು ಅದು ನ್ಯಾಯವಾಗಿಯೇ ಇತ್ತು. 2024ರಲ್ಲಿ ಡೆಂಗಿ ಜೋರಾಗಿತ್ತು. ಸರ್ಕಾರ ಅದನ್ನು ಸಾಂಕ್ರಾಮಿಕ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400 ರೂಪಾಯಿ ದಂಡ ಅಂತ ಮಾಡಿತ್ತು. ಆಶಾ ಕಾರ್ಯಕರ್ತೆ ಬಂದವರು ತೊಟ್ಟಿ ನೋಡಿದರು, ಹೂಕುಂಡದ ತಟ್ಟೆ ನೋಡಿದರು, ಕೊನೆಗೆ ಹಕ್ಕಿ ಬಟ್ಟಲಿಗೆ ಟಾರ್ಚ್ ಬಿಟ್ಟರು.

"ಇದೇನ್ ಸಾರ್ ಇದು?"

"ಹಕ್ಕಿಗೆ ನೀರು ಮೇಡಂ."

"ಹಕ್ಕಿ ಅಲ್ಲ, ಇಲ್ಲಿ ನೋಡಿ."

ಬಗ್ಗಿ ನೋಡಿದೆ. ಕೊಂಕುತ್ತಾ ಮೇಲೆ ಕೆಳಗೆ ಹೋಗುತ್ತಿದ್ದ ಸಣ್ಣ ಹುಳಗಳು. ನೀರು ದಿನಾ ಹಾಕುತ್ತಿದ್ದೆ, ಆದರೆ ಹಳೆಯದನ್ನು ಚೆಲ್ಲದೆ ಮೇಲಿನಿಂದ ತುಂಬಿಸುತ್ತಿದ್ದೆ. ಈ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಮೇಲಲ್ಲ, ನೀರಿನ ಅಂಚಿನ ಸ್ವಲ್ಪ ಮೇಲೆ, ಪಾತ್ರೆಯ ಗೋಡೆಗೆ. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ, ನೀರು ತಾಗಿದ ಕೂಡಲೇ ಮರಿ, ಹೆಚ್ಚೆಂದರೆ ಒಂದು ವಾರ ಹತ್ತು ದಿನದಲ್ಲಿ ಸೊಳ್ಳೆ. ಹಾಗಾಗಿ ಚೆಲ್ಲಿದರೆ ಸಾಲದು, ನಾರು ಹಾಕಿ ಗೋಡೆ ಉಜ್ಜಬೇಕು. ಅವರು ದಂಡ ಹಾಕಲಿಲ್ಲ. ಬಟ್ಟಲು ಬೋರಲು ಹಾಕಿ, ಚಾಕ್‌ನಲ್ಲಿ ಗೇಟಿನ ಮೇಲೆ ಏನೋ ಬರೆದು ಹೋದರು. ಆವತ್ತಿನಿಂದ ದಿನಾ ಬೆಳಿಗ್ಗೆ ಬಟ್ಟಲು ಉಜ್ಜುವುದು ನನ್ನ ಕೆಲಸ. ಹಲ್ಲುಜ್ಜುವುದಾದ ಮೇಲೆ ಅದೇ.

ಬಟ್ಟಲನ್ನು ಜಾಸ್ತಿ ಉಪಯೋಗಿಸುವುದು ಕಾಗೆ. ಈ ಕಾಗೆಗೆ ಎಡಗಾಲಿನ ಒಂದು ಬೆರಳಿಲ್ಲ, ಗಾಳಿಪಟದ ದಾರಕ್ಕೆ ಸಿಕ್ಕಿರಬೇಕು. ಸರಿಯಾಗಿ ಏಳು ಗಂಟೆಗೆ ಬಂದು ಕಾಂಪೌಂಡಿನ ಮೇಲೆ ಈ ಕಡೆಯಿಂದ ಆ ಕಡೆ ಓಡಾಡುತ್ತದೆ, ಐದು ನಿಮಿಷ ತಡವಾದರೆ ಕೂಗುತ್ತದೆ. ನನ್ನ ಹೆಂಡತಿ ಅದಕ್ಕೆ ಮ್ಯಾನೇಜರ್ ಅಂತ ಹೆಸರಿಟ್ಟಿದ್ದಾಳೆ. ಕಾಳು ನಿಲ್ಲಿಸಿದ ಮೇಲೂ ಮ್ಯಾನೇಜರಿಗೆ ಮಾತ್ರ ಹಿಂದಿನ ದಿನದ ಚಪಾತಿಯೋ ದೋಸೆಯೋ ಒಂದಷ್ಟು ಹೋಗುತ್ತದೆ. ತಪ್ಪು ಅಂತ ಗೊತ್ತು. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ರಸ್ತೆಯಲ್ಲಿ, ಹಾಸನೂರಿನ ಹತ್ತಿರ ಕಬ್ಬಿನ ಲಾರಿಗಳಿಗೆ ಆನೆ ಅಡ್ಡ ನಿಲ್ಲುವುದನ್ನು ನೀವೂ ವಿಡಿಯೋದಲ್ಲಿ ನೋಡಿದ್ದೀರಿ. ಪಾಪ ಅಂತ ಡ್ರೈವರುಗಳು ಎಸೆದ ಕಬ್ಬಿನ ರುಚಿ ಅದು. ಈಗ ಕಾರು ಬಸ್ಸುಗಳನ್ನೂ ನಿಲ್ಲಿಸಿ ಮೂಸುತ್ತವೆ. ಚಾಮುಂಡಿ ಬೆಟ್ಟದ ಕೋತಿಗಳ ಬಗ್ಗೆ ಮೈಸೂರಿನವರಿಗೆ ನಾನು ಹೇಳಬೇಕಾಗಿಲ್ಲ, ಕೈಯಲ್ಲಿ ಪೊಟ್ಟಣ ಇದ್ದವರನ್ನೆಲ್ಲ ಅವು ನೆಂಟರು ಅಂತಲೇ ತಿಳಿದಿವೆ. ಇಷ್ಟೆಲ್ಲ ಗೊತ್ತಿದ್ದೂ ಏಳು ಗಂಟೆಗೆ ನನ್ನ ಕೈ ಡಬ್ಬಿಗೆ ಹೋಗುತ್ತದೆ.

ಕಾಗೆ ಒಣ ಚಪಾತಿಯನ್ನು ಹಾಗೇ ತಿನ್ನುವುದಿಲ್ಲ. ಬಟ್ಟಲಿನಲ್ಲಿ ಹಾಕುತ್ತದೆ, ಕೊಕ್ಕಿನಲ್ಲಿ ತಿರುವುತ್ತದೆ, ಸ್ವಲ್ಪ ಕಾಯುತ್ತದೆ, ಮತ್ತೆ ತಿರುವುತ್ತದೆ. ಮೆತ್ತಗಾದ ಮೇಲೆ ತಿನ್ನುತ್ತದೆ. ನೋಡಲು ಚೆಂದವೇ. ಆದರೆ ಅದು ಚಪಾತಿಯನ್ನಷ್ಟೇ ನೆನೆಸುತ್ತದೆ ಅಂತ ಯಾರೂ ಬರೆದುಕೊಟ್ಟಿಲ್ಲವಲ್ಲ. ಒಂದು ಏಕಾದಶಿಯ ಬೆಳಿಗ್ಗೆ ಅಮ್ಮ ತುಳಸಿಗೆ ನೀರು ಹಾಕಲು ಹೋದವಳು ಕಿರುಚಿಕೊಂಡಳು. ಓಡಿ ಹೋಗಿ ನೋಡಿದರೆ ಬಟ್ಟಲಿನ ನಡುವೆ, ಚಪ್ಪಟೆ ಕಲ್ಲಿಗೆ ಒರಗಿಕೊಂಡು, ಉಗುರು ಸಮೇತ ಒಂದು ಕೋಳಿ ಕಾಲು. ಮುಂದಿನ ರಸ್ತೆಯ ಚಿಕನ್ ಅಂಗಡಿಯಿಂದ ಮ್ಯಾನೇಜರ್ ತಂದು ನೆನೆಹಾಕಿದ್ದು. ಅಮ್ಮ ಮತ್ತೆ ಸ್ನಾನ ಮಾಡಿದಳು. ನನಗೆ ಮೂರು ದಿನ ಕಾಫಿ ಮಾಡಿಕೊಡಲಿಲ್ಲ.

ಅದೇ ವರ್ಷ ಜೂನ್‌ನಲ್ಲಿ ಇನ್ನೊಂದು ಆಯಿತು. ಮ್ಯಾನೇಜರ್ ಚಪಾತಿ ನೆನೆಸಿಕೊಂಡು ತಾನು ತಿನ್ನದೆ ಪಕ್ಕದ ಸಂಪಿಗೆ ಮರಕ್ಕೆ ಹಾರಿತು. ಅಲ್ಲಿ ಒಂದು ಮರಿ ಬಾಯಿ ತೆರೆದು, ರೆಕ್ಕೆ ನಡುಗಿಸುತ್ತಾ, ಕರ್ಕಶವಾಗಿ ಕೂಗುತ್ತಾ ಕೂತಿತ್ತು. ಬಾಯೊಳಗೆ ಕೆಂಪು. ಬೆನ್ನ ಮೇಲೆ ಬಿಳಿ ಚುಕ್ಕೆ. ಕಾಗೆ ಮರಿಗೆ ಚುಕ್ಕೆ ಎಲ್ಲಿಂದ ಬಂತು? ಕೋಗಿಲೆ. ಪುಸ್ತಕದಲ್ಲಿ ಓದಿದ್ದೆ, ಗಾದೆಯಲ್ಲಿ ಕೇಳಿದ್ದೆ, ಕಣ್ಣಾರೆ ನೋಡಿದ್ದು ಅದೇ ಮೊದಲು. ತನಗಿಂತ ಬೇರೆ ಥರ ಇರುವ ಆ ಮರಿಯ ಗಂಟಲಿಗೆ ಕಾಗೆ ತಲೆಯನ್ನೇ ತೂರಿಸಿ ಚಪಾತಿ ಇಳಿಸಿತು. ಅಮ್ಮನನ್ನು ಕರೆದು ತೋರಿಸಿದೆ. ಕಾಫಿ ನಿಂತಿದ್ದ ದಿನಗಳು ಮರೆತಿದ್ದವು. ತುಂಬ ಹೊತ್ತು ನೋಡಿ, "ನಾನು ಲಟ್ಟಿಸಿದ್ದು ಎಲ್ಲೆಲ್ಲಿಗೆ ಹೋಗತ್ತೆ ನೋಡು" ಅಂದಳು.

ಈಗ ನಮ್ಮ ಹಿತ್ತಲಿನಲ್ಲಿ ನಿಜವಾದ ಅನ್ನದಾನ ಮಾಡುತ್ತಿರುವುದು ಒಂದು ಗಸಗಸೆ ಹಣ್ಣಿನ ಮರ. ನಾವು ನೆಟ್ಟಿದ್ದಲ್ಲ. ಸಾಸಿವೆಗಿಂತ ಸಣ್ಣ ಬೀಜ, ಯಾವುದೋ ಹಕ್ಕಿಯೋ ಬಾವಲಿಯೋ ಕಾಂಪೌಂಡಿನ ಮೂಲೆಯಲ್ಲಿ ಹಾಕಿ ಹೋಗಿದ್ದು, ಮೂರೇ ವರ್ಷಕ್ಕೆ ತಾರಸಿ ಮುಟ್ಟಿತು. ಅಮೆರಿಕ ಖಂಡದಿಂದ ಬಂದ ಮರವಂತೆ, ಈಗ ಮೈಸೂರಿನ ಶಾಲೆಗಳ ಮುಂದೆಲ್ಲ ಇದೆ, ಅದರ ಹಣ್ಣು ತಿನ್ನದ ಮಕ್ಕಳಿಲ್ಲ. ವರ್ಷಪೂರ್ತಿ ಹೂವು ಕಾಯಿ ಹಣ್ಣು ಒಟ್ಟಿಗೇ. ಬೆಳಿಗ್ಗೆ ಪಿಕಳಾರ, ಹೊತ್ತೇರಿದ ಮೇಲೆ ಕುಟ್ರು ಹಕ್ಕಿ, ಮಧ್ಯಾಹ್ನ ಕೋಗಿಲೆ, ಸಂಜೆ ಅಳಿಲು, ಕತ್ತಲಾದ ಮೇಲೆ ಬಾವಲಿ. ನಾನು ಏನೂ ಹಾಕಬೇಕಾಗಿಲ್ಲ. ಗುಡಿಸಬೇಕು ಅಷ್ಟೆ. ಬಾವಲಿ ಹಣ್ಣನ್ನು ಹಿಂಡಿ ರಸ ಕುಡಿದು ಸಿಪ್ಪೆ ಉಗಿಯುತ್ತದೆ, ಗೋಡೆಗೆ, ನೆಲಕ್ಕೆ, ಮರೆತು ಹೊರಗೆ ಬಿಟ್ಟ ಬಿಳಿ ಪಂಚೆಗೆ. ಕಲೆ ಹೋಗುವುದಿಲ್ಲ. ಉಜಾಲ, ನಿಂಬೆಹಣ್ಣು, ಬಿಸಿಲು, ಎಲ್ಲ ನೋಡಿಯಾಯಿತು. ಮರ ಕಡಿಸಿ ಅಂತ ಪಕ್ಕದವರು ಹೇಳುವುದು, ಮುಂದಿನ ವರ್ಷ ನೋಡೋಣ ಅಂತ ನಾನು ಹೇಳುವುದು ನಡೆದೇ ಇದೆ. ಅವರ ಮೊಮ್ಮಗಳು ನಮ್ಮ ಕಾಂಪೌಂಡ್ ಹತ್ತಿ ಹಣ್ಣು ಕೀಳುವುದನ್ನು ನಾನು ಅವರಿಗೆ ಹೇಳಿಲ್ಲ.

ಹೋದ ವರ್ಷ ಅಪ್ಪನ ತಿಥಿಯ ದಿನ ಎದ್ದದ್ದೇ ತಡವಾಗಿತ್ತು. ಅಡಿಗೆಯವರು ಬಂದಾಗಿತ್ತು, ಅಮ್ಮ ಮಡಿಯಲ್ಲಿದ್ದಳು. ಏಳು ಗಂಟೆಗೆ ಕಾಂಪೌಂಡಿನ ಮೇಲೆ ಕೂಗು. ಕೈ ಅಭ್ಯಾಸಬಲದಿಂದ ಫ್ರಿಜ್ಜಿನ ಬಾಗಿಲು ತೆಗೆಯಿತು. ಹಿಂದಿನ ರಾತ್ರಿ ನೆಂಟರು ಬಂದಿದ್ದರಿಂದ ನಾಲ್ಕು ಚಪಾತಿ ಉಳಿದಿತ್ತು. ನಾಲ್ಕನ್ನೂ ಹಾಕಿ ಸ್ನಾನಕ್ಕೆ ಹೋದೆ.

ಮಧ್ಯಾಹ್ನ ಪಿಂಡಪ್ರದಾನ ಮುಗಿದು, ಬಾಳೆ ಎಲೆಯಲ್ಲಿ ಕಾಗೆಗೆ ಇಟ್ಟು, ಎಲ್ಲರೂ ಹಿತ್ತಲ ಬಾಗಿಲಲ್ಲಿ ನಿಂತೆವು. ಮ್ಯಾನೇಜರ್ ಬಂತು. ಎಲೆಯ ಸುತ್ತ ಒಂದು ಸುತ್ತು ಹಾಕಿತು. ಕೊಕ್ಕನ್ನು ಕಾಂಪೌಂಡಿಗೆ ಈ ಕಡೆ ಆ ಕಡೆ ಉಜ್ಜಿಕೊಂಡಿತು. ಹೋಗಿ ಸಂಪಿಗೆ ಮರದಲ್ಲಿ ಕೂತಿತು.

ಹತ್ತು ನಿಮಿಷ. ಇಪ್ಪತ್ತು ನಿಮಿಷ. ಸೋದರತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಅಣ್ಣನಿಗೆ ಏನೋ ಆಸೆ ಉಳಿದಿದೆ ಕಣೋ." ಅಮ್ಮ ನನ್ನ ಕಡೆ ತಿರುಗಿ, "ಕಾಶಿಗೆ ಕರ್ಕೊಂಡು ಹೋಗ್ತೀನಿ ಅಂದಿದ್ದೆ ಅಲ್ವಾ ನೀನು" ಅಂದಳು. ಶುಗರ್ ಇರುವ ಚಿಕ್ಕಪ್ಪ ಹಸಿವಿನಿಂದ ಗೋಡೆ ಹಿಡಿದು ನಿಂತಿದ್ದವರು, ಯಾರೂ ಕೇಳದಿದ್ದರೂ, "ಆ ಸೈಟಿನ ದುಡ್ಡಲ್ಲಿ ಅಣ್ಣನಿಗೆ ಇನ್ನೂ ಸ್ವಲ್ಪ ಕೊಡಬೇಕಿತ್ತು ನಾನು" ಅಂದರು. ಯಾವ ಸೈಟು ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ನನ್ನ ಹೆಂಡತಿ ಒಬ್ಬಳು ಮಾತ್ರ ನನ್ನನ್ನೇ ನೋಡುತ್ತಿದ್ದಳು. ಬೆಳಿಗ್ಗೆ ಫ್ರಿಜ್ಜಿನಲ್ಲಿ ಚಪಾತಿ ಡಬ್ಬಿ ಖಾಲಿ ಇದ್ದದ್ದನ್ನು ಅವಳು ನೋಡಿದ್ದಳು.

ಕೊನೆಗೆ ಪುರೋಹಿತರೇ ಗಡಿಯಾರ ನೋಡಿ, ಹಸುವಿಗೆ ಕೊಟ್ಟರೂ ಆಗುತ್ತದೆ, ದೋಷವಿಲ್ಲ ಅಂದರು. ಪಿಂಡ ಹಸುವಿಗೆ ಹೋಯಿತು, ಎಲೆಯಲ್ಲಿ ಬಡಿಸಿದ್ದು ಹಾಗೇ ಇತ್ತು. ಊಟ ಮುಗಿದಾಗ ಮೂರು ಗಂಟೆ.

ಅತ್ತೆ ಹಿತ್ತಲಿಗೆ ಕೈ ತೊಳೆಯಲು ಹೋದವರು "ಬಂತು, ಬಂತು" ಅಂತ ಕೂಗಿದರು. ಮ್ಯಾನೇಜರ್ ಎಲೆಯ ಮೇಲೆ ನಿಂತಿತ್ತು. ಅನ್ನ ಬಿಟ್ಟಿತು, ಪಾಯಸ ಬಿಟ್ಟಿತು, ವಡೆಯೊಂದನ್ನು ಕಚ್ಚಿಕೊಂಡು ನೇರವಾಗಿ ಬಟ್ಟಲಿಗೆ ಹೋಗಿ ಅದ್ದಿತು. ತಿರುವಿತು. ಕಾಯಿತು. ಮತ್ತೆ ತಿರುವಿತು.

"ನಿಮ್ಮಪ್ಪನೂ ಹಾಗೇ ಕಣೋ," ಅಂದರು ಅತ್ತೆ. "ವಡೆ ಸಾರಲ್ಲಿ ನೆನೆಸದೆ ಮುಟ್ಟುತ್ತಲೇ ಇರಲಿಲ್ಲ."

ಅದು ತಿಂದು ಹೋದ ಮೇಲೆ ನೋಡಿದೆ. ನೀರಿನ ಮೇಲೆ ಎಣ್ಣೆ ತೇಲುತ್ತಿತ್ತು. ನಾರು ತಗೊಂಡು ಬಟ್ಟಲು ಉಜ್ಜಿ, ಮತ್ತೆ ತುಂಬಿಸಿಟ್ಟೆ.